ಹೈಸ್ಕೂಲ್ ಮಕ್ಕಳಿಗೆ ‘ಜೇನ್ ಏರ್’ ಸಂಕ್ಷಿಪ್ತ ಪುಸ್ತಕ: ಕ್ಲಾಸಿಗೆ ತಗೊಳ್ಳೋ ಮುಂಚೆ ಇದನ್ನ ಓದಿ, 5ಕ್ಕೆ 2 ಸ್ಟಾರ್

ಇದು ಶಾರ್ಲೆಟ್ ಬ್ರಾಂಟಿ ಅನ್ನೋ ಇಂಗ್ಲಿಷ್ ಲೇಖಕಿ ಬರೆದ ‘ಜೇನ್ ಏರ್’ ಕಾದಂಬರೀನ ಮಕ್ಕಳಿಗೆ ಅಂತ ಚಿಕ್ಕದು ಮಾಡಿರೋ ಪುಸ್ತಕ. ಮೊದಲೇ ಹೇಳ್ಬಿಡ್ತೀನಿ. ಮನೇಲಿ ಮಗು ಸುಮ್ನೆ ಕಥೆ ಓದ್ಕೊಳ್ಲಿ ಅಂತ ಕೊಡೋದಾದ್ರೆ ಈ ಪುಸ್ತಕ ಪರವಾಗಿಲ್ಲ. ಕ್ಲಾಸಲ್ಲಿ ಇಟ್ಕೊಂಡು ಪಾಠ ಮಾಡ್ಬೇಕು ಅಂತಿರೋ ಟೀಚರ್‌ಗಳು ಮಾತ್ರ ದಯವಿಟ್ಟು ತಗೋಬೇಡಿ. ನಾನು ಒಂದಲ್ಲ ಎರಡಲ್ಲ 32 ಕಾಪಿ ತಗೊಂಡು, ಜೂನಿಂದ ನವೆಂಬರ್ ತನಕ ಶನಿವಾರ ಶನಿವಾರ ಇದನ್ನೇ ಓದಿಸಿ ಆಮೇಲೆ ಬರೀತಿರೋದು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್. ಒಂಬತ್ತನೇ ಕ್ಲಾಸು, 32 ಮಕ್ಕಳು, ಅದ್ರಲ್ಲಿ 19 ಹುಡುಗೀರು. ಹತ್ತಕ್ಕೆ ಹೋದ್ಮೇಲೆ ಎಸ್ಸೆಸ್ಸೆಲ್ಸಿ ಬಿಟ್ರೆ ಬೇರೆ ಮಾತಿಲ್ಲ, ಹಂಗಾಗಿ ಒಂದು ಕಾದಂಬರಿ ಜೊತೆ ನಿಧಾನಕ್ಕೆ ಕೂತ್ಕೊಳ್ಳೋದಾದ್ರೆ ಒಂಬತ್ತರಲ್ಲೇ ಆಗ್ಬೇಕು ಅಂತ ನನ್ನ ಆಸೆ. ಜೇನ್ ಏರ್ ಯಾಕೆ ಅಂದ್ರೆ, ಅದ್ರಲ್ಲಿ ಜೇನ್ ಅನ್ನೋ ಹುಡುಗಿ ಒಬ್ಬ ಗಂಡಸನ್ನ ಮನಸಾರೆ ಪ್ರೀತಿಸ್ತಾಳೆ, ಆ ಪ್ರೀತಿ ಒಂಚೂರೂ ಕಮ್ಮಿ ಆಗದೇ ಇದ್ರೂ ಇದು ನನಗೆ ಸರಿ ಬರಲ್ಲ ಅಂತ ಎದ್ದು ಹೋಗ್ತಾಳೆ. ಹದಿನಾಲ್ಕು ಹದಿನೈದು ವಯಸ್ಸಿನ ಮಕ್ಕಳಿಗೆ ಇವೆರಡೂ ಒಟ್ಟಿಗೆ ಇರಬಹುದು ಅಂತ ಯಾರೂ ಹೇಳಿರಲ್ಲ, ಒಂದೋ ಪ್ರೀತಿ ಅಂದ್ರೆ ಎಲ್ಲಾ ಬಿಟ್ಟು ಓಡೋದು, ಇಲ್ಲಾಂದ್ರೆ ಪ್ರೀತಿ ಅನ್ನೋ ಮಾತೇ ಎತ್ತಬಾರ್ದು, ಅವ್ರಿಗೆ ಗೊತ್ತಿರೋದು ಈ ಎರಡೇ.

ಮೂಲ ಪುಸ್ತಕ 38 ಅಧ್ಯಾಯ, ಸಣ್ಣ ಅಕ್ಷರದಲ್ಲೂ ಐದುನೂರು ಪುಟದ ಹತ್ತಿರ ಬರುತ್ತೆ. ಅದಕ್ಕೆ ಶಿವಮೊಗ್ಗಕ್ಕೆ ಹೋದಾಗ ದುರ್ಗಿಗುಡಿ ಕಡೆ ಒಂದು ಪುಸ್ತಕದಂಗಡೀಲಿ ಕೇಳ್ದೆ. ಅಂಗಡಿಯವ್ರು ಒಳ್ಳೆ ಮನುಷ್ಯರು, ಎರಡು ಮೂರು ತೆಗೆದು ಹರಡಿದ್ರು, ‘ಸ್ಕೂಲಿನವ್ರು ಇದನ್ನೇ ತಗೊಂಡು ಹೋಗೋದು ಮೇಡಂ’ ಅಂತ ಇದನ್ನ ಕೊಟ್ರು. 128 ಪುಟ, ಬೆಲೆ 110 ರೂಪಾಯಿ, ಒಟ್ಟಿಗೆ ತಗೊಂಡಿದ್ದಕ್ಕೆ 90ಕ್ಕೆ ಕೊಟ್ರು, 32 ಕಾಪಿಗೆ 2880 ಆಯ್ತು. ನಾವು ಟೀಚರ್‌ಗಳೇ ಕೈಯಿಂದ ಹಾಕಿ ಸೇರಿಸಿದ ದುಡ್ಡು.

ಒಳ್ಳೇದು ಏನಿದೆ ಅಂತ ಹೇಳ್ಬೇಕು. ಅಕ್ಷರ ದೊಡ್ಡದು, ಕಷ್ಟದ ಪದಗಳಿಗೆ ಪುಟದ ಕೆಳಗೇ ಕನ್ನಡ ಅರ್ಥ ಕೊಟ್ಟಿದಾರೆ, ಅರ್ಥಗಳು ಸರಿಯಾಗೇ ಇವೆ. ಮೊದಲ ಮೂರನೇ ಒಂದು ಭಾಗ ಮನಸ್ಸಿಟ್ಟು ಮಾಡಿದಾರೆ. ತಂದೆ ತಾಯಿ ಇಲ್ಲದ ಪುಟ್ಟ ಜೇನ್‌ನ ಸೋದರಮಾವನ ಹೆಂಡ್ತಿ ತನ್ನ ಮನೆಯ ಕೆಂಪು ಕೋಣೇಲಿ ಕೂಡಿಹಾಕೋದು, ಲೋವುಡ್ ಅನ್ನೋ ಅನಾಥ ಹುಡುಗೀರ ಸ್ಕೂಲಿಗೆ ಕಳ್ಸೋದು, ಅಲ್ಲಿನ ಚಳಿ, ಹಸಿವು, ಗೆಳತಿ ಹೆಲೆನ್ ಸಾಯೋದು, ಎಲ್ಲಾ ಇದೆ. ಬೈಂಡಿಂಗ್ ಮಾತ್ರ ನಮ್ಮ ಕಡೆ ಮಳೆಗೆ ಆಗೋದಲ್ಲ, ಜುಲೈ ಮುಗಿಯೋದ್ರೊಳಗೆ ಅರ್ಧ ಕಾಪೀಲಿ ಗಮ್ ಬಿಟ್ಕೊಂಡು ಹಾಳೆ ಕೈಗೆ ಬಂತು, ರಟ್ಟಿಗೆ ಬೂಷ್ಟು ಹಿಡೀತು.

ಲೋವುಡ್‌ನ ಸೀದ ಗಂಜಿ ಸೀನ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಮುಂದೆ ಇದೇ ದೊಡ್ಡದಾಗುತ್ತೆ. ಐದನೇ ಅಧ್ಯಾಯ, ಹೊಸ ಸ್ಕೂಲಲ್ಲಿ ಮೊದಲ ಬೆಳಗ್ಗೆ, ಹೊಟ್ಟೆ ಚುರುಗುಡ್ತಿರತ್ತೆ, ತಿಂಡಿಗೆ ಗಂಜಿ ಬರತ್ತೆ, ಸೀದು ಹೋಗಿದೆ, ಒಂದೆರಡು ಚಮಚ ತಿಂದು ಆಮೇಲೆ ಯಾರ ಕೈಲೂ ಆಗಲ್ಲ, ಎಲ್ರೂ ಹಸ್ಕೊಂಡೇ ಎದ್ದು ಹೋಗ್ತಾರೆ. ನಾನು ಇಂಗ್ಲೆಂಡಿನ ಓಟ್ಸ್ ಗಂಜಿ ಅಂದ್ರೆ ಏನು ಅಂತ ವಿವರಿಸೋಕೆ ರೆಡಿಯಾಗಿ ಹೋಗಿದ್ದೆ, ಏನೂ ಬೇಕಾಗ್ಲಿಲ್ಲ. ಹಿಂದಿನ ಬೆಂಚಿನ ಹುಡುಗ ಒಬ್ಬ, ಬಾಯೇ ಬಿಡದಿರೋನು, ‘ಸೀದ ಗಂಜಿ ವಾಸ್ನೆ ಪಾತ್ರೆ ಬದಲಾಯ್ಸಿದ್ರೂ ಹೋಗಲ್ಲ ಮಿಸ್’ ಅಂದ. ಇನ್ನೊಬ್ಳು, ‘ಕೆದಕಬಾರ್ದು ಮಿಸ್, ಕೆದಕಿದ್ರೆ ಪೂರ್ತಿ ಹಾಳು, ಮೇಲಿಂದಷ್ಟೇ ಬಳ್ಕೋಬೇಕು, ನಮ್ಮಜ್ಜಿ ಹಂಗೇ ಮಾಡೋದು’ ಅಂದ್ಳು. ಅವತ್ತು ಇಡೀ ಕ್ಲಾಸು ಗಂಜಿ ಬಗ್ಗೆ ಮಾತಾಡ್ತು. ಇದನ್ನ ಬರೆದ ಶಾರ್ಲೆಟ್ ಬ್ರಾಂಟಿ ಚಿಕ್ಕೋಳಿದ್ದಾಗ ಇಂಥದೇ ಸ್ಕೂಲಲ್ಲಿ ಓದಿದ್ಳು, ಅಲ್ಲಿದ್ದ ಅವಳ ಇಬ್ರು ಅಕ್ಕಂದಿರು, ಮರಿಯಾ ಮತ್ತೆ ಎಲಿಜಬೆತ್, 1825ರಲ್ಲಿ ಕ್ಷಯ ಬಂದು ತೀರ್ಕೊಂಡ್ರು ಅಂತ ಹೇಳಿದಾಗ ಹೆಲೆನ್ ಸಾಯೋ ಪುಟ ಮಕ್ಕಳು ಮತ್ತೆ ತಿರುಗಿಸಿ ನೋಡಿದ್ರು. 1847ರಲ್ಲಿ ಪುಸ್ತಕ ಬಂದಾಗ ಅದ್ರ ಮೇಲೆ ಅವಳ ಹೆಸರೇ ಇರ್ಲಿಲ್ಲ, ಕರರ್ ಬೆಲ್ ಅಂತ ಬೇರೆ ಹೆಸರು, ನೋಡಿದ್ರೆ ಗಂಡಸೇ ಬರ್ದಿರಬೇಕು ಅನ್ಸೋ ಥರದ್ದು. ಇಂಥ ಒಂದು ಸಾಲೂ ಈ ಸಂಕ್ಷಿಪ್ತ ಪುಸ್ತಕದಲ್ಲಿಲ್ಲ. ಒಂದೇ ಒಂದು ಪುಟ ಸಾಕಿತ್ತು.

ನಿಜವಾದ ತೊಂದ್ರೆ ಮದುವೆ ಹತ್ರ ಬಂದಾಗ ಶುರು. ಜೇನ್‌ಗೆ 18, ಥಾರ್ನ್‌ಫೀಲ್ಡ್ ಮನೇಲಿ ಮಗುವಿಗೆ ಪಾಠ ಹೇಳೋ ಕೆಲ್ಸ, ವರ್ಷಕ್ಕೆ 30 ಪೌಂಡ್ ಸಂಬಳ. ಯಜಮಾನ ರೋಚೆಸ್ಟರ್ ಅವಳಿಗಿಂತ ಇಪ್ಪತ್ತು ವರ್ಷ ದೊಡ್ಡೋನು. ಮದುವೆ ಗೊತ್ತಾದ್ಮೇಲೆ ಅವ್ನು ಒಡವೆ ಹಾಕ್ತೀನಿ, ಬಣ್ಣಬಣ್ಣದ ರೇಷ್ಮೆ ಕೊಡಿಸ್ತೀನಿ ಅಂತ ಪೇಟೆಗೆ ಕರ್ಕೊಂಡು ಹೋಗ್ತಾನೆ. 24ನೇ ಅಧ್ಯಾಯ ನೋಡಿ, ಅವಳು ಬೇಡ ಬೇಡ ಅಂತ ಹಟ ಮಾಡಿ ಒಂದು ಕಪ್ಪು ಸ್ಯಾಟಿನ್, ಒಂದು ಬೂದು ಬಣ್ಣದ ರೇಷ್ಮೆ ಇಷ್ಟಕ್ಕೇ ನಿಲ್ಲಿಸ್ತಾಳೆ, ಮದುವೆಯಾದ್ಮೇಲೂ ಪಾಠ ಹೇಳ್ಕೊಂಡೇ ಇರ್ತೀನಿ, ನನ್ನ ಊಟ ವಸತಿ ಮತ್ತೆ 30 ಪೌಂಡ್ ನಾನೇ ದುಡ್ಕೋತೀನಿ, ಬಟ್ಟೆನೂ ಅದ್ರಲ್ಲೇ ತಗೋತೀನಿ ಅಂತಾಳೆ. ಈ ಪುಸ್ತಕದಲ್ಲಿ ಆ ಮಾತು ಒಂದೂ ಇಲ್ಲ. ಅದ್ರ ಬದ್ಲು ಒಂದು ಪೂರ್ತಿ ಪುಟದ ಚಿತ್ರ, ಜೇನ್ ಕತ್ತಲ್ಲಿ ದೊಡ್ಡ ನೆಕ್ಲೇಸು, ಮುಖದಲ್ಲಿ ನಗು! ಅವಳು ಮಾಡಿದ್ದಕ್ಕೆ ಪೂರ್ತಿ ಉಲ್ಟಾ. ಮೂಲದ ಆ ಭಾಗ ನಾನು ಓದಿ ಹೇಳಿದ ಮಾರನೇ ವಾರ ಒಬ್ಬ ಹುಡುಗಿ ಪುಸ್ತಕ ತೋರಿಸಿದ್ಳು, ನೆಕ್ಲೇಸಿನ ಮೇಲೆ ಪೆನ್ಸಿಲ್‌ನಿಂದ ಗೀಚಿ, ಕೆಳಗೆ ದುಂಡಗೆ ‘30 ಪೌಂಡ್’ ಅಂತ ಬರ್ದಿದ್ಳು.

ಆಮೇಲೆ 27ನೇ ಅಧ್ಯಾಯ. ನನ್ನ ಪ್ರಕಾರ ಇಡೀ ಕಾದಂಬರಿ ನಿಂತಿರೋದೇ ಅದ್ರ ಮೇಲೆ. ರೋಚೆಸ್ಟರ್‌ಗೆ ಮೊದಲೇ ಹೆಂಡ್ತಿ ಇದಾಳೆ, ಮೇಲಿನ ಮಹಡೀಲಿ ಬೀಗ ಹಾಕಿಟ್ಟಿದಾನೆ ಅಂತ ಚರ್ಚಿನಲ್ಲೇ ಗೊತ್ತಾಗಿ ಮದುವೆ ನಿಂತು ಹೋಗತ್ತೆ. ಅವ್ನು ಗೋಗರೀತಾನೆ, ಫ್ರಾನ್ಸಿಗೆ ಹೋಗೋಣ, ಅಲ್ಲಿ ಗಂಡ ಹೆಂಡ್ತಿ ಥರ ಇರೋಣ, ನಿಂಗೆ ತಂದೆ ತಾಯಿ ಬಂಧು ಬಳಗ ಯಾರಿದಾರೆ, ಯಾರಿಗೆ ಬೇಜಾರಾಗತ್ತೆ ಅಂತಾನೆ. ಅವಳ ಮನಸ್ಸೂ ಅವನ ಕಡೆಗೇ ಎಳೀತಿರತ್ತೆ. ಯಾರೂ ಇಲ್ದಿದ್ರೆ ಏನು, ನನಗೆ ನಾನಿದ್ದೀನಿ, ಯಾರೂ ಇಲ್ದಷ್ಟೂ ನನ್ನ ಮರ್ಯಾದೆ ನಾನೇ ಉಳಿಸ್ಕೋಬೇಕು ಅನ್ನೋ ಅರ್ಥದ ಮಾತು ಹೇಳಿ ಬೆಳಗಾಗೋದ್ರೊಳಗೆ ಮನೆ ಬಿಡ್ತಾಳೆ. ಇಷ್ಟೆಲ್ಲಾ ಇರೋ ಅಧ್ಯಾಯ ಈ ಪುಸ್ತಕದಲ್ಲಿ ಒಂದೇ ವಾಕ್ಯ, ಜೇನ್ ದುಃಖದಿಂದ ಮನೆ ಬಿಟ್ಟು ಹೊರಟಳು ಅಂತ. ಪುಟ ತಿರುಗಿಸಿದ್ರೆ ಆಗಲೇ ಬೇರೆಯವ್ರ ಮನೇಲಿ ಬೆಚ್ಚಗೆ ಕೂತಿರ್ತಾಳೆ.

ಮಕ್ಕಳು ಕೇಳಿದ್ರು, ‘ಎಂತಕ್ಕೆ ಬಿಟ್ಟು ಹೋದ್ಲು ಮಿಸ್? ಸಿಟ್ಟು ಬಂತಾ? ನಾಚ್ಕೆ ಆಯ್ತಾ?’ ನಾಲ್ಕೈದು ಹುಡುಗೀರು ಸೇರಿ, ಊರೋರು ಆಡ್ಕೋತಾರೆ ಅಂತ ಹೆದರಿ ಹೋಗಿದಾಳೆ ಅಂತ ತೀರ್ಮಾನಾನೂ ಮಾಡ್ಬಿಟ್ರು. ಅವ್ರ ತಪ್ಪಲ್ಲ, ಕೈಲಿರೋ ಪುಸ್ತಕದಲ್ಲಿ ಬೇರೆ ಕಾರಣ ಹುಡುಕೋಕೆ ಏನೂ ಇಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ, ನಿಜ ಹೇಳ್ತೀನಿ. ಹೆಣ್ಣುಮಗಳು ತಾನಾಗೇ ಯೋಚ್ನೆ ಮಾಡಿ ತಗೊಂಡ ನಿರ್ಧಾರನ ಕಿತ್ತಾಕಿ ಆ ಜಾಗಕ್ಕೆ ಬರೀ ದುಃಖ ಇಟ್ಟಿದಾರೆ, ಅದನ್ನ ನಾನೇ ದುಡ್ಡು ಕೊಟ್ಟು ತಂದು ಮಕ್ಕಳ ಕೈಗೆ ಕೊಟ್ಟಿದೀನಿ.

ಈ ಕಾದಂಬರಿಗೆ ಈಗ ಕಾಪಿರೈಟ್ ಇಲ್ಲ, ಪ್ರಾಜೆಕ್ಟ್ ಗುಟೆನ್‌ಬರ್ಗ್ ವೆಬ್‌ಸೈಟಲ್ಲಿ ಪೂರ್ತಿ ಪುಸ್ತಕ ಫ್ರೀಯಾಗಿ ಸಿಗುತ್ತೆ. ಅಲ್ಲಿಂದ 27 ಮತ್ತು 28ನೇ ಅಧ್ಯಾಯ ತೆಗೆದು, ಸಾಲು ದೊಡ್ಡದು ಮಾಡಿ ಪ್ರಿಂಟ್ ಹಾಕಿಸ್ದೆ, ಇಬ್ಬರಿಗೆ ಒಂದರ ಥರ ಜೆರಾಕ್ಸ್. ಒಂದು ಪ್ಯಾರಾ ಇಂಗ್ಲಿಷಲ್ಲಿ ಓದೋದು, ಕನ್ನಡದಲ್ಲಿ ಹೇಳೋದು, ಮತ್ತೆ ಮಕ್ಕಳೇ ಓದೋದು. 28ರಲ್ಲಿ ಜೇನ್ ಇದ್ದಬದ್ದ 20 ಶಿಲ್ಲಿಂಗ್ ಗಾಡಿಯವನಿಗೆ ಕೊಟ್ಟು, ಬಟ್ಟೆ ಗಂಟನ್ನೂ ಗಾಡೀಲೇ ಮರ್ತು, ಗುರುತಿಲ್ಲದ ಊರಲ್ಲಿ ಇಳೀತಾಳೆ. ಬಯಲಲ್ಲಿ ಮಲಗ್ತಾಳೆ, ಕೆಲ್ಸ ಕೇಳ್ತಾಳೆ, ಬ್ರೆಡ್ ಬೇಡ್ತಾಳೆ. ಒಂದು ಗುಡಿಸಲ ಹತ್ರ ಸಣ್ಣ ಹುಡುಗಿ ತಣ್ಣಗಾದ ಗಂಜೀನ ಹಂದಿ ತೊಟ್ಟಿಗೆ ಸುರಿಯೋಕೆ ಹೊರಟಿರ್ತಾಳೆ, ಅದನ್ನ ನನಗೆ ಕೊಡ್ತೀಯಾ ಅಂತ ಕೇಳ್ತಾಳೆ. ಒಳಗಿಂದ ಆ ಹುಡುಗಿ ತಾಯಿ, ಭಿಕ್ಷೆಯೋಳಾದ್ರೆ ಕೊಡು, ಹಂದಿಗೇನೂ ಬೇಡ ಅಂತಾಳೆ. ಗಟ್ಟಿಯಾಗಿ ಹೆಪ್ಪುಗಟ್ಟಿದ ಗಂಜಿ, ಅಂಗೈಗೆ ಹಾಕ್ತಾರೆ, ಗಬಗಬ ತಿಂತಾಳೆ.

ಕ್ಲಾಸಲ್ಲಿ ಯಾರೂ ಮಾತಾಡ್ಲಿಲ್ಲ. ಹೊರಗೆ ಹಂಚಿನ ಮೇಲೆ ಮಳೆ ಹುಯ್ತಾ ಇತ್ತು. ಆಮೇಲೆ ಅಜ್ಜಿ ಗಂಜಿ ಬಳ್ಕೊಳ್ಳೋ ಕಥೆ ಹೇಳಿದ ಅದೇ ಹುಡುಗಿ, ‘ಅವತ್ತು ಸ್ಕೂಲಲ್ಲಿ ತಿನ್ನಕ್ಕಾಗ್ದೆ ಬಿಟ್ಟಿದ್ಲಲ್ಲಾ ಮಿಸ್... ಈಗ ಅದಕ್ಕಿಂತ ಕಡೆ ಗಂಜಿ ತಿಂತಿದಾಳೆ. ವಾಪಸ್ ಹೋಗಿದ್ರೆ ರೇಷ್ಮೆ ಸಿಗ್ತಿತ್ತು’ ಅಂದ್ಳು. ನಾನು ಹದಿನೇಳು ವರ್ಷದಿಂದ ಪಾಠ ಮಾಡ್ತಿದೀನಿ, ಐದನೇ ಅಧ್ಯಾಯದ ಗಂಜಿನೂ 28ರ ಗಂಜಿನೂ ಹೀಗೆ ಜೋಡಿಸಿ ನಾನೇ ಯಾವತ್ತೂ ನೋಡಿರ್ಲಿಲ್ಲ. ಈ ಸಂಕ್ಷಿಪ್ತ ಪುಸ್ತಕದಲ್ಲಿ ಮೊದಲನೇ ಗಂಜಿ ಇದೆ, ಎರಡನೇದು ಇಲ್ಲ.

ಇದ್ರ ಮಧ್ಯೆ ಒಬ್ರು ತಾಯಿ ಬಂದಿದ್ರು, ‘ಮೇಡಂ, ಹೆಣ್ಮಕ್ಕಳಿಗೆ ಲವ್ ಸ್ಟೋರಿ ಯಾಕೆ ಓದಿಸ್ತೀರಾ’ ಅಂತ. ಅವ್ರ ಭಯ ನನಗೆ ಅರ್ಥ ಆಗುತ್ತೆ. ಕೂರ್ಸಿ ಕಥೆ ಹೇಳ್ದೆ, ಮನೆ ಬಿಟ್ಟು ಹೋಗೋ ತನಕ. ಸುಮ್ನೆ ಕೇಳಿ, ‘ಅಲ್ಲಾ, ಒಬ್ಳೇ ಹುಡುಗಿ, ಕೈಲಿ ಕಾಸಿಲ್ಲ, ಹೊಟ್ಟೆಗೇನ್ ಮಾಡಿದ್ಲು?’ ಅಂದ್ರು. ಅವ್ರಿಗೂ ಗಂಜಿ ಪುಟ ಹೇಳ್ದೆ. ಮತ್ತೆ ಬೇಡ ಅನ್ಲಿಲ್ಲ ಅವ್ರು. ಇನ್ನೊಂದು, ರೋಚೆಸ್ಟರ್‌ನ ಹೀರೋ ಮಾಡಿ ಪಾಠ ಮಾಡ್ಬಾರ್ದು. ಅವ್ನು ಜೇನ್‌ಗೆ ಹೊಟ್ಟೆಕಿಚ್ಚು ಬರಿಸೋಕೆ ಬ್ಲಾಂಚ್ ಇಂಗ್ರಾಮ್ ಅನ್ನೋ ದೊಡ್ಡ ಮನೆತನದ ಹುಡುಗೀನ ಮದುವೆ ಆಗೋ ಥರ ನಾಟಕ ಮಾಡ್ತಾನೆ, ಕಣಿ ಹೇಳೋ ಮುದುಕಿ ವೇಷ ಹಾಕಿ ಜೇನ್ ಮನಸ್ಸಲ್ಲಿರೋದನ್ನ ಬಾಯಿ ಬಿಡಿಸೋಕೆ ನೋಡ್ತಾನೆ. ಇದು ಸರಿನಾ ಅಂತ ಕೇಳಿದ್ರೆ ಮಕ್ಕಳು ಸರಿಯಾಗೇ ಉತ್ರ ಕೊಡ್ತಾರೆ. ಈ ಪುಸ್ತಕದ ಕೊನೇಲಿ ಇರೋ ಹತ್ತು ಪ್ರಶ್ನೇಲಿ ಅಂಥದ್ದು ಒಂದೂ ಇಲ್ಲ, ಯಾವ ಊರು, ಕುದುರೆ ಹೆಸರೇನು, ನಾಯಿ ಹೆಸರೇನು, ಇಷ್ಟೇ.

ದುಡ್ಡಿನ ವಿಷಯಾನೂ ಹಾರಿಸಿದಾರೆ. ಮೂಲದಲ್ಲಿ ಜೇನ್‌ಗೆ ಚಿಕ್ಕಪ್ಪನಿಂದ 20,000 ಪೌಂಡ್ ಬರುತ್ತೆ, ಅವಳು ತನ್ನನ್ನ ಕಾಪಾಡಿದ ಮೂರು ಜನ ಕಸಿನ್ಸ್ ಜೊತೆ ತಲಾ 5,000 ಹಂಚ್ಕೋತಾಳೆ. ಇಲ್ಲಿ ‘ಶ್ರೀಮಂತಳಾದಳು’ ಅಂತಷ್ಟೇ. ಬೋರ್ಡ್ ಮೇಲೆ ಲೆಕ್ಕ ಹಾಕಿಸ್ದೆ, 5,000ನ 30ರಿಂದ ಭಾಗಿಸಿದ್ರೆ 166 ವರ್ಷದ ಸಂಬಳ! ಆಗಿನ ಇಂಗ್ಲೆಂಡಲ್ಲಿ ಮದುವೆಯಾದ ಹೆಂಗಸಿನ ದುಡ್ಡು ಕಾನೂನು ಪ್ರಕಾರ ಗಂಡನ ಕೈಗೇ ಹೋಗೋದು, ಅದು ಬದಲಾಗೋಕೆ 1870 ಮತ್ತೆ 1882ರ ಕಾಯ್ದೆಗಳು ಬರಬೇಕಾಯ್ತು ಅಂತ ಹೇಳ್ದೆ. ನಮ್ಮಲ್ಲಿ? ಅಂತ ಕೇಳಿದ್ರು. ಕರ್ನಾಟಕದಲ್ಲಿ ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತೀಲಿ ಹೆಣ್ಮಕ್ಕಳಿಗೆ ಸಮಪಾಲು ಅಂತ 1994ರಲ್ಲೇ ತಿದ್ದುಪಡಿ ಬಂತು, ಇಡೀ ದೇಶಕ್ಕೆ 2005ರಲ್ಲಿ. ‘ನಮ್ಮತ್ತೆ ಅಡಿಕೆ ತೋಟದ್ದು ಬೇಡ ಅಂತ ಸೈನ್ ಹಾಕಿ ಕೊಟ್ರು ಮಿಸ್, ಹಾಕದಿದ್ರೆ ತವರಿಗೆ ಬರಂಗಿಲ್ಲ ಅಂದಿದ್ರಂತೆ’ ಅಂದ್ಳು ಒಬ್ಳು. ಆ ಪೀರಿಯಡ್ ಬೆಲ್ ಹೊಡೆದ್ರೂ ಮುಗೀಲಿಲ್ಲ.

ಆ ಕಸಿನ್ಸ್‌ನಲ್ಲಿ ಒಬ್ಬನಾದ ಸೇಂಟ್ ಜಾನ್ ಕಥೆನೂ ಕತ್ತರಿಸಿದಾರೆ. ಪಾದ್ರಿ, ನಮ್ಮ ದೇಶಕ್ಕೆ ಮಿಷನರಿಯಾಗಿ ಬರೋಕೆ ಹೊರಟೋನು, ಜೇನ್‌ಗೆ ಜರ್ಮನ್ ಬಿಡ್ಸಿ ಹಿಂದೂಸ್ತಾನಿ ಕಲಿಸ್ತಾನೆ, ಪ್ರೀತಿ ಇಲ್ಲ, ಕೆಲಸಕ್ಕೆ ಹೆಂಡ್ತಿ ಬೇಕು ಅಂತಾನೆ. ಜೊತೆಗೆ ಕೆಲ್ಸಕ್ಕೆ ಬರ್ತೀನಿ, ಹೆಂಡ್ತಿಯಾಗಿ ಬರಲ್ಲ ಅಂತಾಳೆ. ಪ್ರೀತಿ ಇದ್ದು ಮರ್ಯಾದೆ ಇಲ್ಲದ ಕಡೆಗೂ ಇಲ್ಲ, ಮರ್ಯಾದೆ ಇದ್ದು ಪ್ರೀತಿ ಇಲ್ಲದ ಕಡೆಗೂ ಇಲ್ಲ. ಇಂಡಿಯಾ ಅನ್ನೋ ಪದಾನೇ ತೆಗೆದಿರೋ ಇಂಡಿಯಾದ ಪ್ರಕಾಶಕರಿಗೆ ಏನು ಹೇಳೋದೋ ಗೊತ್ತಾಗ್ತಿಲ್ಲ. ಮಹಡಿ ಮೇಲಿರೋ ರೋಚೆಸ್ಟರ್ ಹೆಂಡ್ತಿ ಬರ್ಥಾನ ಕೂದಲು ಕೆದರಿದ ದೆವ್ವದ ಥರ ಬರೆಸಿದಾರೆ, ಸಣ್ಣ ಮಕ್ಕಳು ಹೆದರೋ ಹಾಗೆ. ‘ಪಾಪ, ಅವಳ ಕಥೆ ಯಾರು ಹೇಳ್ತಾರೆ ಮಿಸ್’ ಅಂತ ಒಬ್ಬ ಹುಡುಗ ಕೇಳ್ದ. ಮೂಲದಲ್ಲೂ ಅವಳಿಗೆ ಬಾಯಿ ಕೊಟ್ಟಿಲ್ಲ, ಅದು ಆ ಕಾದಂಬರಿದೇ ಕೊರತೆ, ಮುಚ್ಚಿಡಬಾರ್ದು. 1966ರಲ್ಲಿ ಜೀನ್ ರೀಸ್ ಅನ್ನೋರು ಅವಳ ಕಡೆಯಿಂದನೇ ಒಂದು ಕಾದಂಬರಿ ಬರ್ದಿದಾರೆ ಅಂತ ಹೇಳ್ದೆ.

ಪಾಠಕ್ಕೆ ಬೇಕು ಅನ್ನೋರು 1, 2, 5, 9, 12, 23, 24, 27, 28, 33, 34 ಇಷ್ಟು ಅಧ್ಯಾಯ ಮೂಲದಿಂದ ಪ್ರಿಂಟ್ ಹಾಕಿಸ್ಕೊಳ್ಳಿ, ಮಧ್ಯದ್ದು ಬಾಯಲ್ಲಿ ಹೇಳಿ, ಕೊನೆ ಎರಡು ಅಧ್ಯಾಯ ಮಕ್ಕಳೇ ಕೇಳಿ ಓದಿಸ್ಕೋತಾರೆ. ಕೊಟ್ಟಿರೋ 2 ಸ್ಟಾರಲ್ಲಿ ಒಂದು ಕೆಳಗಿನ ಕನ್ನಡ ಅರ್ಥಕ್ಕೆ, ಇನ್ನೊಂದು ಮೊದಲನೇ ಗಂಜಿಗೆ. ಅಂಗಡಿಯವ್ರಿಗೆ ಇದೆಲ್ಲಾ ಹೇಳ್ದೆ, ಬೇಜಾರು ಮಾಡ್ಕೊಳ್ಳದೆ ಪೂರ್ತಿ ಪುಸ್ತಕದ ಆರು ಹಳೇ ಕಾಪಿ ಹುಡುಕಿ ಇಟ್ಟಿದಾರೆ, ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ತರ್ಬೇಕು.