ಮಕ್ಕಳ ಕೈಲಿ ಏನು ಹಾಕಿಸೋದು: ಮೆಂತ್ಯವೋ, ಅಲಸಂದೆಯೋ, ಟೊಮೆಟೊನೋ?

ಮೇ ತಿಂಗಳಲ್ಲಿ ಎರಡು ಮಳೆ ಬಿದ್ದ ಮೇಲೆ ಕುವೆಂಪುನಗರದ ನಮ್ಮ ತಾರಸಿಯಲ್ಲಿ ಮೂರನ್ನೂ ಒಟ್ಟಿಗೆ ಶುರು ಮಾಡಿದೆವು. ಮಗನಿಗೆ 8 ವರ್ಷ, ಮಗಳಿಗೆ 4. ಮೂರಕ್ಕೂ ಒಂದೇ ಮಣ್ಣು: ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ).

ಮೆಂತ್ಯ ಅಡುಗೆಮನೆ ಡಬ್ಬಿಯದ್ದೇ. ರಾತ್ರಿ ನೆನೆಸಿ, ತಳಕ್ಕೆ ತೂತು ಮಾಡಿದ ಹಳೇ ಟಬ್ಬಿಗೆ ಉದುರಿಸಿದೆವು. ಮಗಳು ಅರ್ಧಕ್ಕರ್ಧ ಒಂದೇ ಮೂಲೆಗೆ ಸುರಿದಳು, ಆದರೂ ನಾಲ್ಕನೇ ದಿನಕ್ಕೆ ಮೊಳಕೆ ಬಂತು. 25 ದಿನಕ್ಕೆ ಕಿತ್ತು ಅಕ್ಕಿರೊಟ್ಟಿಗೆ ಹಾಕಿದೆ. ಸೊಪ್ಪು ತಿನ್ನಲ್ಲ ಅನ್ನೋ ಮಗ ಆವತ್ತೂ ತಿನ್ನಲಿಲ್ಲ, ಅದು ಬೇರೆ ಮಾತು. ತೊಂದರೆ ಒಂದೇ, ಬೇರು ಸಮೇತ ಕಿತ್ತರೆ ಟಬ್ ಖಾಲಿ. (ಕೊತ್ತಂಬರಿಯನ್ನೂ ಹಾಕಿದ್ದೆ. ಬೀಜವನ್ನು ಎರಡು ಹೋಳು ಮಾಡದೆ ಹಾಗೇ ಹಾಕಿ ಹತ್ತು ದಿನ ಬರೀ ಮಣ್ಣು ನೋಡಿದೆವು.)

ಟೊಮೆಟೊ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ನರ್ಸರಿಯಿಂದ ನಾಲ್ಕು ಸಸಿ ತಂದು ಗ್ರೋ ಬ್ಯಾಗಲ್ಲಿ ನೆಟ್ಟೆವು. ಹಣ್ಣಿಗೆ ಎರಡು ತಿಂಗಳ ಮೇಲೆ ಕಾಯಬೇಕು, ಕೋಲು ಕಟ್ಟಬೇಕು, ಅಷ್ಟರಲ್ಲಿ ಬಿಳಿ ನೊಣ ಬಂದು ಎರಡು ಗಿಡಕ್ಕೆ ಎಲೆ ಮುದುರು ರೋಗ ಹತ್ತಿತು. ಅದಕ್ಕೆ ಮದ್ದಿಲ್ಲ, ಕಿತ್ತು ಎಸೆದೆ. ಮಗ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ನನಗೆ ಹಿಡಿಸಿದ್ದು ಅಲಸಂದೆ. ಕಾಳು ದಪ್ಪ, ಪುಟ್ಟ ಬೆರಳಿಗೂ ಸಿಗುತ್ತೆ, ಬೆರಳಿನ ಒಂದು ಗೆಣ್ಣಿನಷ್ಟು ಒಳಗೆ ಒತ್ತಿದರೆ ಸಾಕು. ಮಗಳು ದಿನಾ ಬೆಳಿಗ್ಗೆ ಮಣ್ಣು ಕೆದಕಿ "ಬಂತಾ?" ಅಂತ ನೋಡಿ ಎರಡು ಕಾಳು ಹಾಳು ಮಾಡಿದಳು. ಉಳಿದವು ಐದನೇ ದಿನ ಕತ್ತು ಬಗ್ಗಿಸಿಕೊಂಡು ಮೇಲೆದ್ದವು. ಕಾಳು ಎರಡು ಹೋಳಾಗಿ ಮೊಳಕೆಯ ತಲೆ ಮೇಲೇ ಇತ್ತು, ಒಂದಕ್ಕಂತೂ ಸಿಪ್ಪೆ ಟೋಪಿ ಥರ ಅಂಟಿಕೊಂಡಿತ್ತು. ಮಗಳು ಅದನ್ನು ತೆಗೆಯೋಕೆ ಬಿಡಲೇ ಇಲ್ಲ. ಆಮೇಲೆ ಹೂವು ಬಂತು, ಹೂವಿನ ಹಿಂದೆಯೇ ಗಿಡದ ರಸ ಹೀರೋ ಕರೀ ಹೇನು, ಹೇನಿನ ಹಿಂದೆ ಇರುವೆ ಸಾಲು. ಮಂಡ್ಯದಿಂದ ಬಂದಿದ್ದ ಮಾವ "ಸುಮ್ನೆ ಬೂದಿ ಎರಚಮ್ಮ" ಅಂದರು. ಬೂದಿ ಎಲ್ಲಿಂದ ತರೋದು ಗ್ಯಾಸ್ ಸ್ಟೌ ಮನೆಯಲ್ಲಿ? ಪೈಪಲ್ಲಿ ಜೋರಾಗಿ ನೀರು ಬಿಟ್ಟು ತೊಳೆದೆವು. ಈ ಕೆಲಸಕ್ಕೆ ಮಾತ್ರ ಮಕ್ಕಳನ್ನು ಕರೆಯಬೇಕಾಗಲಿಲ್ಲ. ಎರಡು ತಿಂಗಳ ಹೊತ್ತಿಗೆ ಒಂದು ಹೊತ್ತಿನ ಪಲ್ಯಕ್ಕಾಗುವಷ್ಟು ಕಾಯಿ ಸಿಕ್ಕಿತು.

ಹಾಗಂತ ಅಲಸಂದೆ ಒಂದನ್ನೇ ಹಾಕಬೇಡಿ. ಅದರ ಕಾಯಿ ಬರೋ ತನಕ ಮಕ್ಕಳು ತಾರಸಿಗೆ ಹತ್ತಬೇಕಲ್ವಾ, ಅದಕ್ಕೆ ಪಕ್ಕದಲ್ಲಿ ಮೆಂತ್ಯ ಇರಲಿ, ಹದಿನೈದು ದಿನಕ್ಕೊಮ್ಮೆ ಒಂದೊಂದು ಟಬ್. ಬಿಸಿಲು ಕಡಿಮೆ ಇರೋ ಬಾಲ್ಕನಿಯಾದರೆ ಮೆಂತ್ಯ ಮಾತ್ರ ಸಾಕು.