ಗಂಟಲು ಉಳಿಸಿತು, ಬಿಪಿ ಏರಿಸಿತು: ನಾಲ್ಕು ವರ್ಷ ಅತಿಮಧುರ ಬಳಸಿದ ಮೇಲೆ

ಅತಿಮಧುರ, ಜ್ಯೇಷ್ಠಮಧು, ಯಷ್ಟಿಮಧು. ಹೆಸರು ಯಾವುದಾದರೂ ಹೇಳಿ, ಬೇರು ಒಂದೇ. ನಾನು ಇದನ್ನು ಬಳಸಲು ಶುರು ಮಾಡಿ ನಾಲ್ಕು ವರ್ಷವಾಯಿತು. ಎರಡನೇ ವರ್ಷ ಬರೆದಿದ್ದರೆ ಬರೀ ಹೊಗಳುತ್ತಿದ್ದೆ. ಮೂರನೇ ವರ್ಷ ಬರೆದಿದ್ದರೆ ಬರೀ ಬೈಯುತ್ತಿದ್ದೆ. ಈಗ ಎರಡೂ ದಾಟಿ ಬಂದಿದ್ದೇನೆ. ಹಾಗಾಗಿ ಈಗ ಬರೆಯೋಣ ಅನ್ನಿಸಿತು.

ನಾನು ಟೀಚರ್. ದಿನಕ್ಕೆ ಆರು ಪೀರಿಯಡ್ ಜೋರಾಗಿ ಮಾತಾಡುವ ಕೆಲಸ. ವಾರದ ನಾಲ್ಕನೇ ದಿನ ಬರುವಷ್ಟರಲ್ಲಿ ಗಂಟಲು ಕಟ್ಟಿರುತ್ತಿತ್ತು. ಬೆಳಿಗ್ಗೆ ಒಣ ಕೆಮ್ಮು, ಮಧ್ಯಾಹ್ನಕ್ಕೆ ದನಿ ಒಡೆಯುತ್ತಿತ್ತು. ಒಂದು ದಿನ ಸ್ಟಾಫ್ ರೂಮಿನಲ್ಲಿ ಜೊತೆಯ ಟೀಚರ್ ಒಬ್ಬರು ಪರ್ಸಿನಿಂದ ಕಡ್ಡಿಯಂಥ ಒಂದು ತುಂಡು ತೆಗೆದು ಕೊಟ್ಟರು. "ಅಗೀಬೇಡಿ ಮೇಡಂ, ಸುಮ್ನೆ ಕೆನ್ನೆ ಒಳಗೆ ಇಟ್ಕೊಂಡು ರಸ ನುಂಗ್ತಾ ಇರಿ" ಅಂದರು. ಅವತ್ತು ಕೊನೆಯ ಪೀರಿಯಡ್‌ವರೆಗೂ ದನಿ ನಿಂತಿತು. ನನಗೆ ಅಷ್ಟು ಸಾಕಾಗಿತ್ತು.

ಮೊದಲ ಎರಡು ವರ್ಷ ಬೇರಿನ ತುಂಡುಗಳನ್ನೇ ಬಳಸಿದೆ. ಪೆನ್ಸಿಲ್ ದಪ್ಪದ ಬೇರು. ಮೇಲೆ ಸುಕ್ಕುಗಟ್ಟಿದ ಕಂದು ಸಿಪ್ಪೆ, ಮುರಿದರೆ ಒಳಗೆ ಅರಿಶಿನದ ಬಣ್ಣ. ನಾರು ನಾರಾಗಿ ಸೀಳುತ್ತದೆ. ರಾತ್ರಿ ಮಲಗುವ ಮುಂಚೆ ಬೆರಳುದ್ದದ ಒಂದು ತುಂಡನ್ನು ಕುಟ್ಟಾಣಿಯಲ್ಲಿ ಎರಡು ಸಲ ಜಜ್ಜುತ್ತಿದ್ದೆ. ಪುಡಿಯಾಗಬಾರದು, ಬಾಯಿ ಬಿಡಬೇಕು ಅಷ್ಟೆ. ಅದನ್ನು ಫ್ಲಾಸ್ಕಿಗೆ ಹಾಕಿ ಮೇಲೆ ಬಿಸಿನೀರು. ಬೆಳಿಗ್ಗೆ ಮುಚ್ಚಳ ತೆಗೆದರೆ ತಿಳಿ ಹಳದಿ ನೀರು, ಒದ್ದೆ ಮರದ ವಾಸನೆ. ಮೊದಲ ಗುಟುಕಿಗೆ ಏನೂ ಗೊತ್ತಾಗುವುದಿಲ್ಲ. ನುಂಗಿದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಸಿಹಿ ಮೆಲ್ಲಗೆ ಏಳುತ್ತದೆ. ಸಕ್ಕರೆಯ ಸಿಹಿ ಹಾಗೆ ಬಂದು ಹೀಗೆ ಹೋಗುತ್ತದೆ. ಇದು ತಡವಾಗಿ ಬಂದು ಹತ್ತು ನಿಮಿಷ ಕೂರುತ್ತದೆ. ಆ ಸಿಹಿಗೆ ಕಾರಣ ಬೇರಿನಲ್ಲಿರುವ ಗ್ಲೈಸಿರೈಜಿನ್ ಎಂಬ ಅಂಶ. ಸಕ್ಕರೆಗಿಂತ 30ರಿಂದ 50 ಪಟ್ಟು ಜಾಸ್ತಿ ಸಿಹಿ. ಈ ಹೆಸರು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಇದರದ್ದೇ.

ಗಂಟಲಿಗೆ ಇದು ನಿಜವಾಗಿಯೂ ಕೆಲಸ ಮಾಡುತ್ತದೆ. ಕೆರೆಯುವ ಜಾಗಕ್ಕೆ ಯಾರೋ ತೆಳುವಾಗಿ ಏನೋ ಸವರಿದ ಹಾಗೆ ಆಗುತ್ತದೆ. ಚರಕ ಸಂಹಿತೆಯಲ್ಲಿ ಕಂಠಕ್ಕೆ ಹಿತ ಎಂದು ಹೇಳುವ ಹತ್ತು ಮೂಲಿಕೆಗಳ ಗುಂಪಿನಲ್ಲಿ ಇದೂ ಇದೆ. ಅದು ಹಳೆಯ ಮಾತಾಯಿತು ಅನ್ನುವವರಿಗೆ ಹೊಸದೂ ಇದೆ. ಆಪರೇಷನ್ ಮಾಡುವಾಗ ಗಂಟಲಿಗೆ ಟ್ಯೂಬ್ ಇಳಿಸುತ್ತಾರಲ್ಲ, ಎಚ್ಚರವಾದ ಮೇಲೆ ಗಂಟಲು ತುಂಬ ನೋಯುತ್ತದೆ. 2013ರಲ್ಲಿ ಆಸ್ಟ್ರಿಯಾದ ವೈದ್ಯರು 236 ರೋಗಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅರಿವಳಿಕೆಗೆ ಮುಂಚೆ ಕೆಲವರಿಗೆ ಅತಿಮಧುರದ ನೀರು, ಉಳಿದವರಿಗೆ ಸಕ್ಕರೆ ನೀರು ಕೊಟ್ಟು ಬಾಯಿ ಮುಕ್ಕಳಿಸಲು ಹೇಳಿದ್ದರು. ಅತಿಮಧುರದವರಲ್ಲಿ ಗಂಟಲು ನೋವು ಸ್ಪಷ್ಟವಾಗಿ ಕಡಿಮೆ ಇತ್ತು. ಅವರು ಬಳಸಿದ್ದು ಬರೀ ಅರ್ಧ ಗ್ರಾಂ, ಅದೂ ಮುಕ್ಕಳಿಸಲು. ಇದನ್ನು ನಾನು ಓದಿದ್ದು ಬಹಳ ತಡವಾಗಿ.

ಮೂರನೇ ವರ್ಷ ನಾನು ಪುಡಿಗೆ ಬದಲಾದೆ. ಜಜ್ಜುವ ಕೆಲಸ ಇಲ್ಲ, ನೆನೆಸುವ ಕೆಲಸ ಇಲ್ಲ. ಬೆಳಿಗ್ಗೆ ಒಂದು ಚಮಚ, ಸಂಜೆ ಒಂದು ಚಮಚ. ಬಿಸಿನೀರಿಗೆ ಹಾಕಿ ಕದಡಿ ಕುಡಿಯುವುದು. ಲೋಟದ ತಳದಲ್ಲಿ ಉಳಿಯುವ ಗಸಿ ಎಲ್ಲಕ್ಕಿಂತ ಸಿಹಿ. ಅದನ್ನೂ ಬಿಡದೆ ಚಮಚದಲ್ಲಿ ಬಳಿದು ತಿನ್ನುತ್ತಿದ್ದೆ. ಮೊದಲು ಗಂಟಲು ಕೆಟ್ಟಾಗ ಮಾತ್ರ ಇದ್ದದ್ದು ನಿಧಾನವಾಗಿ ದಿನಾಲೂ ಆಯಿತು. ರಜೆಯ ದಿನವೂ ಬೇಕಾಯಿತು. ಕ್ಲಾಸಿಗೆ ಹೋಗುವಾಗ ಬಾಯಲ್ಲಿ ಒಂದು ಕಡ್ಡಿ ಬೇರೆ.

ಐದು ತಿಂಗಳು ಹೀಗೇ ನಡೆಯಿತು. ಮೊದಲು ಉಂಗುರ ಬಿಗಿಯಾಯಿತು. ದಪ್ಪ ಆಗ್ತಿದ್ದೀನೇನೋ ಅಂದುಕೊಂಡೆ. ಆಮೇಲೆ ಸಂಜೆ ಸಾಕ್ಸ್ ತೆಗೆದರೆ ಕಾಲಿನ ಮೇಲೆ ಅದರ ಪಟ್ಟಿಯ ಗುರುತು ಹಳ್ಳವಾಗಿ ಕೂತಿರುತ್ತಿತ್ತು. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತಿತ್ತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ಕೂಗಿಕೊಂಡು ಏಳುವಷ್ಟು. ಎರಡನೇ ಮಹಡಿಯ ಕ್ಲಾಸಿಗೆ ಹತ್ತುವಾಗ ತೊಡೆಯಲ್ಲಿ ಶಕ್ತಿಯೇ ಇಲ್ಲ ಅನ್ನಿಸುತ್ತಿತ್ತು. ಜೊತೆಗೆ ಹಿಂದಲೆ ನೋವು. ನಲವತ್ಮೂರು ದಾಟಿದ ವಯಸ್ಸು, ಕೆಲಸದ ಸುಸ್ತು ಎಂದು ಬಿಟ್ಟುಬಿಟ್ಟೆ.

ಕೊನೆಗೆ ಡಾಕ್ಟರ ಹತ್ತಿರ ಹೋದಾಗ ಬಿಪಿ 152/94. ವರ್ಷದ ಹಿಂದೆ 118/76 ಇತ್ತು. ರಕ್ತಪರೀಕ್ಷೆಯಲ್ಲಿ ಪೊಟ್ಯಾಷಿಯಂ 3.1. ಅದು 3.5ಕ್ಕಿಂತ ಕೆಳಗೆ ಇಳಿಯಬಾರದಂತೆ. "ಬೇರೆ ಯಾವುದಾದ್ರೂ ಔಷಧಿ ತಗೋತಿದ್ದೀರಾ?" ಎಂದು ಕೇಳಿದರು. "ಏನೂ ಇಲ್ಲ ಡಾಕ್ಟ್ರೇ" ಎಂದೆ. ಸುಳ್ಳು ಹೇಳಬೇಕೆಂದಲ್ಲ. ಅತಿಮಧುರ ಔಷಧಿ ಎಂದು ನನಗೆ ಹೊಳೆಯಲೇ ಇಲ್ಲ. ಅದು ನನಗೆ ನೀರಿನ ಹಾಗೆ ಆಗಿತ್ತು.

ಅವರು ಒಂದು ಬಿಳಿ ಹಾಳೆ ಕೊಟ್ಟರು. "ಎದ್ದಾಗಿನಿಂದ ಮಲಗೋವರೆಗೆ ಬಾಯಿಗೆ ಏನೇನು ಹೋಗುತ್ತೋ ಎಲ್ಲಾ ಬರೀರಿ. ನೀರೂ ಬಿಡಬೇಡಿ." ನಾನು ಬರೆದ ಮೊದಲ ಸಾಲೇ 'ಅತಿಮಧುರದ ಪುಡಿ, ಒಂದು ಚಮಚ'. ಅವರು ಉಳಿದದ್ದನ್ನು ಓದಲೇ ಇಲ್ಲ. ಪೆನ್ನಿನ ತುದಿಯನ್ನು ಆ ಸಾಲಿನ ಮೇಲೆ ಇಟ್ಟು "ಎಷ್ಟು ದಿನದಿಂದ ಇದು?" ಎಂದರು.

ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ನಮ್ಮ ದೇಹದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನ್ ಯಾವಾಗಲೂ ಓಡಾಡುತ್ತಿರುತ್ತದೆ. ಕಿಡ್ನಿಯಲ್ಲಿ ಉಪ್ಪಿನ ಲೆಕ್ಕ ನೋಡಿಕೊಳ್ಳುವ ಹಾರ್ಮೋನ್ ಬೇರೆ, ಅದರ ಹೆಸರು ಆಲ್ಡೋಸ್ಟೆರಾನ್. ಆ ಜಾಗಕ್ಕೆ ಕಾರ್ಟಿಸಾಲ್ ನುಗ್ಗದ ಹಾಗೆ ಒಂದು ಕಿಣ್ವ ಕಾವಲು ಕಾಯುತ್ತದೆ. ನಾವು ನುಂಗಿದ ಗ್ಲೈಸಿರೈಜಿನ್ ಕರುಳಿನಲ್ಲಿ ಒಡೆದು ಬೇರೆ ರೂಪ ಪಡೆದು ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಕಾವಲು ಹೋಯಿತು, ಕಾರ್ಟಿಸಾಲ್ ಒಳಗೆ ಬಂತು. ಕಿಡ್ನಿ ಉಪ್ಪು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಪೊಟ್ಯಾಷಿಯಂ ಹೊರಗೆ ಚೆಲ್ಲುತ್ತದೆ. ಬಿಪಿ, ಊದಿದ ಕಾಲು, ಹಿಡಿದುಕೊಳ್ಳುವ ಮೀನಖಂಡ, ಶಕ್ತಿಯಿಲ್ಲದ ತೊಡೆ. ನನ್ನ ಎಲ್ಲ ತೊಂದರೆಗೂ ಒಂದೇ ಬೇರು. ಪೊಟ್ಯಾಷಿಯಂ ಇನ್ನೂ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಅಮೆರಿಕದಲ್ಲಿ 54 ವರ್ಷದ ಒಬ್ಬರು ಅತಿಮಧುರದ ಮಿಠಾಯಿಯನ್ನು ಕೆಲವು ವಾರ ದಿನಾ ಒಂದೂವರೆ ಪೊಟ್ಟಣ ತಿಂದು ಹೃದಯ ನಿಂತು ತೀರಿಕೊಂಡರು. 2020ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಅದರ ವರದಿ ಬಂತು.

ಮನೆಗೆ ಬಂದವಳೇ ಅಡುಗೆಮನೆಯ ತಕ್ಕಡಿಯಲ್ಲಿ ನನ್ನ ಚಮಚ ತೂಗಿದೆ. ಎರಡೂವರೆ ಗ್ರಾಂ. ದಿನಕ್ಕೆ ಐದು. ಔಷಧಿಗೆ ಬಳಸುವ ಒಳ್ಳೆಯ ಬೇರಿನಲ್ಲಿ ಗ್ಲೈಸಿರೈಜಿನ್ ನೂರಕ್ಕೆ 4ರಷ್ಟಾದರೂ ಇರುತ್ತದೆ, ಎಷ್ಟೋ ಸಲ ಅದಕ್ಕಿಂತ ಜಾಸ್ತಿ. 4 ಎಂದೇ ಹಿಡಿದರೂ 200 ಮಿಲಿಗ್ರಾಂ. ದಿನಾ ತಿನ್ನುವವರಿಗೆ 100 ಮಿಲಿಗ್ರಾಂ ದಾಟಬಾರದು ಎಂದು ಯುರೋಪಿನ ಆಹಾರ ಸಮಿತಿ 2003ರಲ್ಲೇ ಹೇಳಿದೆ. ಅಂದರೆ ನನ್ನದು ಅದರ ಎರಡು ಪಟ್ಟು, ಕ್ಲಾಸಿನ ಕಡ್ಡಿ ಬಿಟ್ಟು. ಆ 100 ಕೂಡ ಎಲ್ಲರಿಗೂ ಸುರಕ್ಷಿತ ಅಲ್ಲ. ಸ್ವೀಡನ್ನಿನಲ್ಲಿ 18ರಿಂದ 30 ವರ್ಷದ ಆರೋಗ್ಯವಂತರಿಗೆ ಎರಡು ವಾರ ದಿನಾ 100 ಮಿಲಿಗ್ರಾಂ ಕೊಟ್ಟು ನೋಡಿದ್ದಾರೆ. ಮೇಲಿನ ಬಿಪಿ ಸರಾಸರಿ 3ರಷ್ಟು ಏರಿತು. ಕೆಲವರಿಗೆ ಅದಕ್ಕಿಂತ ಜಾಸ್ತಿ. ಅದು ಪ್ರಕಟವಾಗಿದ್ದು 2024ರಲ್ಲಿ.

ಆಮೇಲೆ ಪುಡಿಯ ಡಬ್ಬಿ ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ಓದಿದೆ. ನೈಸರ್ಗಿಕ ಎಂದಿತ್ತು. ಕೆಮ್ಮು, ಅಸಿಡಿಟಿ, ಚರ್ಮದ ಕಾಂತಿ ಎಲ್ಲ ಇತ್ತು. ದಿನಕ್ಕೆ ಎರಡು ಸಲ ಒಂದು ಚಮಚ ಎಂದೂ ಇತ್ತು. ಎಷ್ಟು ದಿನ? ಇಲ್ಲ. ಬಿಪಿ ಇರುವವರು ಕೇಳಿ ತೆಗೆದುಕೊಳ್ಳಿ? ಇಲ್ಲ. ಗರ್ಭಿಣಿಯರು? ಒಂದು ಮಾತಿಲ್ಲ. ನನಗೆ ಸಿಟ್ಟು ಬಂದದ್ದು ಬೇರಿನ ಮೇಲಲ್ಲ, ಈ ಡಬ್ಬಿಯ ಮೇಲೆ. ಏಕೆಂದರೆ ಇದು ಯಾರಿಗೂ ಗೊತ್ತಿಲ್ಲದ ವಿಷಯ ಅಲ್ಲ. 1940ರ ದಶಕದಲ್ಲೇ ನೆದರ್‌ಲೆಂಡ್ಸ್‌ನ ರೆವರ್ಸ್ ಎಂಬ ವೈದ್ಯರು ಹೊಟ್ಟೆಯ ಹುಣ್ಣಿಗೆ ಅತಿಮಧುರದ ಸಾರ ಕೊಟ್ಟು ನೋಡಿದ್ದರು. ಹುಣ್ಣಿಗೆ ಗುಣ ಕಂಡಿತು. ಆದರೆ ಸುಮಾರು ಐದರಲ್ಲಿ ಒಬ್ಬರಿಗೆ ಮೈ ಊದಿಕೊಂಡಿತು. ಜರ್ಮನಿಯ ಮೂಲಿಕೆಗಳ ಸಮಿತಿ 4ರಿಂದ 6 ವಾರಕ್ಕಿಂತ ಹೆಚ್ಚು ಬೇಕಿದ್ದರೆ ವೈದ್ಯರನ್ನು ಕೇಳಿ ಎಂದಿದೆ. ಆ ಒಂದು ಸಾಲು ಡಬ್ಬಿಯ ಮೇಲೆ ಇದ್ದಿದ್ದರೆ ನಾನು ಎರಡನೇ ತಿಂಗಳೇ ನಿಲ್ಲಿಸುತ್ತಿದ್ದೆ, ಅಲ್ವಾ?

ಪೂರ್ತಿ ನಿಲ್ಲಿಸಿದೆ. ಡಾಕ್ಟರು ಕೆಲವು ದಿನ ಪೊಟ್ಯಾಷಿಯಂ ಸಿರಪ್ ಕೊಟ್ಟರು, ಬಿಪಿ ಮಾತ್ರೆ ಈಗಲೇ ಬೇಡ, ಕಾದು ನೋಡೋಣ ಎಂದರು. ಇದರ ಪ್ರಭಾವ ನಿಲ್ಲಿಸಿದ ಮರುದಿನವೇ ಹೋಗುವುದಿಲ್ಲ, ಒಂದೆರಡು ವಾರ ಎಳೆಯುತ್ತದೆ. ಹತ್ತನೇ ದಿನ ಉಂಗುರ ಸಲೀಸಾಗಿ ತಿರುಗಿತು. ಎರಡು ವಾರಕ್ಕೆ ರಾತ್ರಿ ಕಾಲು ಹಿಡಿದುಕೊಳ್ಳುವುದು ನಿಂತಿತು. ನಾಲ್ಕನೇ ವಾರ ಬಿಪಿ 122/78. ಬೇರೆ ಏನನ್ನೂ ಬದಲಾಯಿಸಿರಲಿಲ್ಲ.

ಎಂಟು ತಿಂಗಳು ಮುಟ್ಟಲಿಲ್ಲ. ಆಮೇಲೆ ಪರೀಕ್ಷೆಯ ಸಮಯದಲ್ಲಿ ಗಂಟಲು ಪೂರ್ತಿ ಕೆಟ್ಟಿತು. ಡಾಕ್ಟರನ್ನು ಕೇಳಿದೆ. ಬಿಪಿ ಸರಿಯಿದೆ, ಬೇರೆ ಮಾತ್ರೆ ಇಲ್ಲ, ಎರಡು ಮೂರು ದಿನ ಮುಕ್ಕಳಿಸಿ ಉಗಿಯಿರಿ, ನುಂಗಬೇಡಿ ಎಂದರು. ಹಳೆಯ ಹಾಗೆ ಬೇರು ಜಜ್ಜಿದೆ. ಆ ಒದ್ದೆ ಮರದ ವಾಸನೆ ಮತ್ತೆ ಬಂದಾಗ ಸಂತೋಷವೇ ಆಯಿತು. ಮುಕ್ಕಳಿಸಿ ಉಗಿದರೂ ಗಂಟಲಿಗೆ ಆರಾಮ ಸಿಕ್ಕಿತು. ಅಷ್ಟು ದಿನ ಚಮಚಗಟ್ಟಲೆ ನುಂಗಿದ್ದು ಬೇಕಾಗಿಯೇ ಇರಲಿಲ್ಲ.

ಕೊಳ್ಳುವವರಿಗೆ ಎರಡು ಮಾತು. ಪುಡಿಗಿಂತ ಬೇರನ್ನೇ ಕೊಳ್ಳಿ. ಕಣ್ಣಿಗೆ ಕಾಣುತ್ತದೆ, ಅಳತೆ ಕೈಯಲ್ಲಿರುತ್ತದೆ. ಗುಲಗಂಜಿಯ ಬೇರನ್ನು ಇದರ ಬದಲು ಮಾರುವುದುಂಟು. ಪುಡಿಯಾದ ಮೇಲೆ ಅದನ್ನು ನಾನು ನೀವು ಗುರುತಿಸಲು ಆಗುವುದಿಲ್ಲ. ಗ್ಲೈಸಿರೈಜಿನ್ ತೆಗೆದ ಮಾತ್ರೆಗಳೂ ಸಿಗುತ್ತವೆ. ಡಿಜಿಎಲ್ ಎಂದು ಬರೆದಿರುತ್ತದೆ. ಹೊಟ್ಟೆಯ ಉರಿಗೆ ತೆಗೆದುಕೊಳ್ಳುವವರು ಅದರ ಬಗ್ಗೆ ಡಾಕ್ಟರನ್ನು ಕೇಳಬಹುದು. ಇನ್ನೊಂದು, ಕೆಮ್ಮಿನ ಸಿರಪ್ಪು, ಗಂಟಲಿನ ಮಾತ್ರೆ, ಮೂಲಿಕೆ ಚಹಾ ಇವುಗಳಲ್ಲೂ ಅತಿಮಧುರ ಇರುತ್ತದೆ. ಹಿಂದಿನ ಸಣ್ಣ ಅಕ್ಷರ ಓದಿ. ಎಲ್ಲ ಸೇರಿಯೇ ಲೆಕ್ಕ.

ಬಿಪಿ, ಹೃದಯ, ಕಿಡ್ನಿಯ ತೊಂದರೆ ಇರುವವರು ಇದನ್ನು ನುಂಗಲೇಬೇಡಿ. ಮೂತ್ರ ಹೋಗಲು ಕೊಡುವ ಮಾತ್ರೆ, ಹೃದಯಕ್ಕೆ ಕೊಡುವ ಡಿಗಾಕ್ಸಿನ್, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಆ ಮಾತ್ರೆಗಳ ಜೊತೆ ಇದು ಸೇರಿದರೆ ಅಪಾಯ ಇನ್ನೂ ಜಾಸ್ತಿ. ಗರ್ಭಿಣಿಯರೂ ಬೇಡ. ಫಿನ್ಲೆಂಡಿನಲ್ಲಿ ಗರ್ಭಿಣಿಯಾಗಿದ್ದಾಗ ಇದನ್ನು ತುಂಬ ತಿಂದ ತಾಯಂದಿರ ಮಕ್ಕಳನ್ನು 13 ವರ್ಷದ ಸುಮಾರಿಗೆ ಪರೀಕ್ಷಿಸಿದರು. ಉಳಿದ ಮಕ್ಕಳಿಗಿಂತ ಬುದ್ಧಿಮತ್ತೆಯ ಪರೀಕ್ಷೆಗಳಲ್ಲಿ ಅವರು ಹಿಂದಿದ್ದರು. ಅಲ್ಲಿನ ಆರೋಗ್ಯ ಸಂಸ್ಥೆ ಗರ್ಭಿಣಿಯರು ತಿನ್ನಬಾರದ ಪಟ್ಟಿಯಲ್ಲಿ ಇದನ್ನು ಸೇರಿಸಿದೆ.

ಐದಕ್ಕೆ ಎಷ್ಟು ಎಂದರೆ, ಬೇರಿಗೆ ನಾಲ್ಕು. ಆ ಪುಡಿಯ ಡಬ್ಬಿಗೆ ಒಂದು.

ಈಗ ನನ್ನ ಬೇರುಗಳು ಅಡುಗೆಮನೆಯಲ್ಲಿಲ್ಲ. ಔಷಧಿ ಇಡುವ ಕಪಾಟಿನಲ್ಲಿ, ಬಿಪಿ ಮೆಷೀನಿನ ಪಕ್ಕದಲ್ಲಿ ಒಂದು ಗಾಜಿನ ಬಾಟಲಿಯಲ್ಲಿವೆ. ಬಾಟಲಿಗೆ ಒಂದು ಚೀಟಿ ಅಂಟಿಸಿದ್ದೇನೆ. ಶುರು ಮಾಡಿದ ದಿನ, ನಿಲ್ಲಿಸಿದ ದಿನ ಬರೆಯುತ್ತೇನೆ. ಈ ವರ್ಷ ಇಲ್ಲಿಯವರೆಗೆ ಅದರಲ್ಲಿ ಮೂರು ಸಾಲು ಇದೆ.