ಒನ್ ಪೀಸ್: ಉಸಾಪ್‌ಗೆ ಮೂಗಿಲ್ಲ, ಆದರೂ ಪರವಾಗಿಲ್ಲ

ಮುಂಬೈ ಲೋಕಲ್‌ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಹೋಗಿಬರುವ ಹೊತ್ತಲ್ಲೇ ನಾನು ಅನಿಮೆ (ಜಪಾನಿ ಕಾರ್ಟೂನ್ ಸರಣಿ) ನೋಡಿದ್ದು ಜಾಸ್ತಿ. 2023ರ ಆಗಸ್ಟ್ 31ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಕಡಲ್ಗಳ್ಳರ ಕಥೆಯ ಅನಿಮೆ ‘ಒನ್ ಪೀಸ್’ ನಿಜವಾದ ನಟರೊಂದಿಗೆ ಬಂದಾಗ ಖುಷಿಗಿಂತ ಭಯವೇ ಹೆಚ್ಚಿತ್ತು. ಹೀಗೇ ಅನಿಮೆಯಿಂದ ನಟರೊಂದಿಗೆ ಮಾಡಿದ 2021ರ ‘ಕೌಬಾಯ್ ಬಿಬಾಪ್’ ನೋಡಿ ಕೈ ಸುಟ್ಟುಕೊಂಡಿದ್ದೆ. ಅದು ಬಂದು ತಿಂಗಳು ತುಂಬುವ ಮೊದಲೇ ರದ್ದಾಗಿತ್ತು.

ಇದು ಹಾಗಲ್ಲ. ಮೂಲ ಮಾಂಗಾ (ಜಪಾನಿ ಕಾಮಿಕ್ಸ್) ಬರೆದ ಓಡಾ ಅವರೇ ನಿರ್ಮಾಣದಲ್ಲಿದ್ದಾರೆ, ಅದು ಕಾಣುತ್ತದೆ. ನಾಯಕ ಲೂಫಿಯಾಗಿ ಇನ್ಯಾಕಿ ಗೊಡೊಯ್ ಹಲ್ಲು ಬಿಟ್ಟು ನಕ್ಕ ಕೂಡಲೇ ನಾನು ಸೋತೆ. ಅವನ ಜೊತೆಗಾರರಲ್ಲಿ ಉಸಾಪ್‌ಗೆ ಅನಿಮೆಯ ಉದ್ದ ಮೂಗಿಲ್ಲ, ಸಾಂಜಿಯ ಹುಬ್ಬಿಗೆ ಸುರುಳಿಯಿಲ್ಲ. ಪಕ್ಕದಲ್ಲಿದ್ದ ಅಕ್ಕನ ಮಗ "ಮಾಮ, ಇವನು ಸಾಂಜಿನೇ ಅಲ್ಲ" ಅಂತ ಮುಖ ಊದಿಸಿಕೊಂಡ. ನನಗೇನೋ ಅದೇ ಸರಿ ಅನಿಸಿತು. ಬಿಡಿಸಿದ ಚಿತ್ರದಲ್ಲಿ ಆ ಮೂಗು ಚೆಂದ. ಮನುಷ್ಯನ ಮುಖಕ್ಕೆ ಅಂಟಿಸಿದರೆ ಸ್ಕೂಲ್ ಡೇ ವೇಷ ಆಗ್ತಿತ್ತು, ಅಲ್ವಾ?

ಲೂಫಿಯ ರಬ್ಬರ್‌ನಂಥ ಕೈ ಉದ್ದವಾಗುವಾಗ ಗ್ರಾಫಿಕ್ಸ್ ಸ್ವಲ್ಪ ಕಣ್ಣಿಗೆ ಚುಚ್ಚುತ್ತದೆ. ಅನಿಮೆಯ ನಲವತ್ತಕ್ಕೂ ಹೆಚ್ಚು ಕಂತುಗಳನ್ನು ಮೊದಲ ಸೀಸನ್‌ನ 8ಕ್ಕೆ ಇಳಿಸಿದ್ದಾರೆ. ಖಳ ಡಾನ್ ಕ್ರೀಗ್ ಬಂದ, ಹೋದ. ಆದರೆ ಲೂಫಿಯ ಜೊತೆಗಾತಿ ನಾಮಿ ತನ್ನ ತೋಳಿನ ಹಚ್ಚೆಗೆ ಚಾಕು ಚುಚ್ಚಿಕೊಳ್ಳುತ್ತಾಳಲ್ಲ, ಲೂಫಿ ತನ್ನ ಹುಲ್ಲಿನ ಟೋಪಿಯನ್ನು ಅವಳ ತಲೆಗಿಡುತ್ತಾನಲ್ಲ, ಅಲ್ಲಿ ಯಾವ ಆತುರವೂ ಇಲ್ಲ. ಅನಿಮೆ ಅಂದ್ರೆ ‘ಸುಮ್ನೆ ಕಾರ್ಟೂನು’ ಅನ್ನುವ ಅಮ್ಮ ಸೌಟು ಹಿಡಿದೇ ಬಂದು ಟಿವಿ ಮುಂದೆ ನಿಂತರು.

"ಪಾಪ, ಆ ಹುಡುಗಿಗೆ ಯಾರೂ ಇಲ್ವೇನೋ?"

ಒಲೆ ಮೇಲಿನ ಪಲ್ಯ ತಳ ಹಿಡಿಯಿತು.